ಕೈಯಲ್ಲಿನ ತೆರೆ, ಕಣ್ಣೆದುರಿನ ಕಲ್ಲು: ಸಾಕ್ಷ್ಯಚಿತ್ರಗಳನ್ನು ನೋಡುವ ಬಗೆ



ದತ್ತಿ ಉಪನ್ಯಾಸ ಎಂಬುದು ಒಂದು ಕುಟುಂಬ ತನ್ನ ಹಿರಿಯರ ನೆನಪನ್ನು ಊರಿನ ತಿಳಿವಳಿಕೆಯ ಜೊತೆ ಸೇರಿಸುವ ಸುಂದರ ಪದ್ಧತಿ. ಆ ಗೌರವಕ್ಕೆ ತಕ್ಕ ವಿಷಯ ಯಾವುದೆಂದು ಯೋಚಿಸಿದಾಗ, ಇಲ್ಲಿ ಕುಳಿತ ಬಹುತೇಕ ಎಲ್ಲರ ಜೇಬಿನಲ್ಲೂ ಇರುವ, ಆದರೆ ಯಾವ ಪಠ್ಯಕ್ರಮದಲ್ಲೂ ಕಲಿಸದ ಒಂದು ಸಂಗತಿಯನ್ನು ಆರಿಸಿಕೊಂಡೆ. ಕಲೆ, ಚರಿತ್ರೆ, ಸಂಸ್ಕೃತಿಗಳನ್ನು ಕುರಿತ ಸಾಕ್ಷ್ಯಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡುವುದು ಹೇಗೆ, ನೋಡಿದ ಮೇಲೆ ಮಾಡಬೇಕಾದದ್ದೇನು ಎಂಬುದೇ ಇಂದಿನ ವಿಷಯ.

ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಈ ಚಿತ್ರಗಳು ನಮ್ಮ ಕೈಗೆ ಬಂದ ದಾರಿ ಮೊದಲನೆಯದು. ಪುಸ್ತಕಕ್ಕೂ ಪಾಠಕ್ಕೂ ಆಗದ ಯಾವ ಕೆಲಸವನ್ನು ಅವು ಮಾಡುತ್ತವೆ ಎಂಬುದು ಎರಡನೆಯದು. ಅವನ್ನು ಎಚ್ಚರದಿಂದ ನೋಡುವ ಕ್ರಮ ಮೂರನೆಯದು. ಬಸವಕಲ್ಯಾಣ, ಹುಮನಾಬಾದ್, ಬೀದರ್‌ಗಳ ನಡುವೆ ಬದುಕುವ ನಮಗೆ ಇದರಿಂದ ಹುಟ್ಟುವ ಕರ್ತವ್ಯ ನಾಲ್ಕನೆಯದು. ಇಡೀ ಉಪನ್ಯಾಸದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಒಳ್ಳೆಯ ಸಾಕ್ಷ್ಯಚಿತ್ರದ ಕೆಲಸ ಅದು ಮುಗಿದ ಮೇಲೆ ಶುರುವಾಗುತ್ತದೆ. ನೋಡಿದವರು ಎದ್ದು ಹೋಗಿ ತಮ್ಮ ಊರಿನ ಕಲ್ಲನ್ನು, ಹಾಡನ್ನು, ಕಸುಬನ್ನು ಹತ್ತಿರದಿಂದ ನೋಡಬೇಕು. ನೋಡಿದ್ದನ್ನು ಮುಂದಿನವರಿಗಾಗಿ ದಾಖಲಿಸಿ ಇಡಬೇಕು.

ಮೊದಲನೆಯ ಭಾಗಕ್ಕೆ ಬರುತ್ತೇನೆ.

ಸ್ವತಂತ್ರ ಭಾರತ ಸರ್ಕಾರ ಸಾಕ್ಷ್ಯಚಿತ್ರಗಳಿಗಾಗಿ ಫಿಲ್ಮ್ಸ್ ಡಿವಿಷನ್ ಎಂಬ ಸಂಸ್ಥೆಯನ್ನು ಆರಂಭಿಸಿದ್ದು 1948ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಗೊಂಡು ಭಾರತದಲ್ಲಿ ಸೇರಿತು. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಈ ಸಂಸ್ಥೆಯ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸುವುದು ಕಡ್ಡಾಯವಾಗಿತ್ತು. ಇಲ್ಲಿರುವ ಹಿರಿಯರಿಗೆ ಅದು ನೆನಪಿರುತ್ತದೆ. ಅಣೆಕಟ್ಟು, ಕೈಮಗ್ಗ, ದೇವಾಲಯ, ನೃತ್ಯ ಎಲ್ಲವೂ ಕಪ್ಪುಬಿಳುಪಿನಲ್ಲಿ, ಗಂಭೀರವಾದ ಒಂದು ಕಂಠದ ವಿವರಣೆಯೊಂದಿಗೆ ಬರುತ್ತಿದ್ದವು. ವಾರ್ತಾ ಇಲಾಖೆಯ ವ್ಯಾನುಗಳು ಹಳ್ಳಿಗಳಿಗೆ ಬಂದು ಬಿಳಿ ಪರದೆ ಕಟ್ಟಿ ಚಿತ್ರ ತೋರಿಸುತ್ತಿದ್ದ ಕಾಲವೂ ಒಂದಿತ್ತು. ಅಲ್ಲಿ ಆಯ್ಕೆ ನೋಡುವವರದಾಗಿರಲಿಲ್ಲ. ತೋರಿಸಿದ್ದನ್ನು ನೋಡಬೇಕು, ಮತ್ತೆ ನೋಡುವ ಅವಕಾಶವಿಲ್ಲ.

ದೂರದರ್ಶನದ ಚರಿತ್ರೆಯಲ್ಲಿ ನಮ್ಮ ಸೀಮೆಗೆ ವಿಶೇಷ ಸ್ಥಾನವಿದೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳನ್ನು ತಲುಪಿಸುವ ಪ್ರಯೋಗ ನಡೆಯಿತು. ಕರ್ನಾಟಕದಿಂದ ಅದಕ್ಕೆ ಆಯ್ಕೆಯಾದ ಹಳ್ಳಿಗಳಿದ್ದದ್ದು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲಿ. ಊರಿಗೊಂದು ಸಾರ್ವಜನಿಕ ಟಿವಿ. ಅದರ ಮುಂದೆ ಇಡೀ ಊರು. ಆ ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಕಲಬುರಗಿಯಲ್ಲಿ ದೂರದರ್ಶನದ ಪ್ರಸಾರ ಆರಂಭವಾಯಿತು. ಬೆಂಗಳೂರು ಅದನ್ನು ಕಂಡದ್ದು 1981ರಲ್ಲಿ. ಹಿಂದುಳಿದ ಪ್ರದೇಶ ಎಂದು ಕರೆಸಿಕೊಂಡ ನಾವು ಈ ಒಂದು ವಿಷಯದಲ್ಲಿ ರಾಜಧಾನಿಗಿಂತ ಮುಂದಿದ್ದೆವು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಜನ ಒಟ್ಟಿಗೆ ಕುಳಿತು ನೋಡಿದರು, ನೋಡಿದ್ದನ್ನು ಒಟ್ಟಿಗೆ ಚರ್ಚಿಸಿದರು ಎಂಬ ಅಂಶವನ್ನೂ ನೆನಪಿಟ್ಟುಕೊಳ್ಳಿ. ಕೊನೆಯ ಭಾಗದಲ್ಲಿ ಅದರ ಅಗತ್ಯ ಬೀಳುತ್ತದೆ.

1988ರಲ್ಲಿ ಶ್ಯಾಮ್ ಬೆನಗಲ್ ಅವರ ‘ಭಾರತ್ ಏಕ್ ಖೋಜ್’ ಬಂತು. ನೆಹರೂ ಅವರ ಗ್ರಂಥವನ್ನು ಆಧರಿಸಿ 53 ಕಂತುಗಳಲ್ಲಿ ದೇಶದ ಚರಿತ್ರೆಯನ್ನು ಹೇಳಿದ ಆ ಸರಣಿಗಾಗಿ ಭಾನುವಾರವನ್ನು ಕಾದು ಕುಳಿತ ಪೀಳಿಗೆಯೊಂದು ನಮ್ಮ ನಡುವೆ ಇದೆ. ಅದರ ಪಾತ್ರಗಳನ್ನು ನಟರು ಅಭಿನಯಿಸಿದ್ದರಿಂದ ಅದನ್ನು ಶುದ್ಧ ಸಾಕ್ಷ್ಯಚಿತ್ರ ಎನ್ನಲಾಗದು. ಆದರೂ ಚರಿತ್ರೆಯನ್ನು ತೆರೆಯ ಮೇಲೆ ಗಂಭೀರವಾಗಿ ನೋಡುವ ರೂಢಿಯನ್ನು ಮನೆಮನೆಗೆ ತಂದದ್ದು ಅದೇ.

ಆಮೇಲಿನದು ನಿಮಗೆ ಗೊತ್ತಿರುವ ಕಥೆ. ಯೂಟ್ಯೂಬ್ 2005ರಲ್ಲಿ ಹುಟ್ಟಿತು. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು. ಫಿಲ್ಮ್ಸ್ ಡಿವಿಷನ್, ಪ್ರಸಾರ ಭಾರತಿ, ಸಾಹಿತ್ಯ ಅಕಾಡೆಮಿ ತಮ್ಮ ಹಳೆಯ ಚಿತ್ರಗಳನ್ನು ಅಂತರ್ಜಾಲಕ್ಕೆ ಏರಿಸತೊಡಗಿದವು. ಬ್ರಿಟಿಷ್ ಪಾಥೆ ಎಂಬ ಹಳೆಯ ವಾರ್ತಾಚಿತ್ರ ಸಂಸ್ಥೆ 2014ರಲ್ಲಿ ಸುಮಾರು 85,000 ತುಣುಕುಗಳನ್ನು ಒಮ್ಮೆಗೇ ಎಲ್ಲರಿಗೂ ತೆರೆದಿಟ್ಟಿತು. 2022ರಲ್ಲಿ ಫಿಲ್ಮ್ಸ್ ಡಿವಿಷನ್ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಹಿಂದೆ ಪುಣೆ, ಮುಂಬಯಿ, ದೆಹಲಿಯ ಸಂಗ್ರಹಾಲಯಗಳಿಗೆ ಪತ್ರ ಬರೆದು, ಅನುಮತಿ ಪಡೆದು, ರೈಲು ಹತ್ತಿ ಹೋಗಿ ನೋಡಬೇಕಾಗಿದ್ದ ಚಿತ್ರಗಳು ಈಗ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕುಳಿತ ಹುಡುಗಿಗೂ ಸಿಗುತ್ತವೆ. ಈ ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ದೊಡ್ಡ ನಗರಗಳಿಂದ ದೂರವಿರುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಸಾಂಸ್ಕೃತಿಕ ಲಾಭ ಇತ್ತೀಚೆಗೆ ಆಗಿಲ್ಲ.

ಹಾಗಾದರೆ ಆ ಚಿತ್ರಗಳಲ್ಲಿ ಏನಿದೆ? ಇನ್ನು ಎರಡನೆಯ ಭಾಗ. ಪುಸ್ತಕ ಕೊಡಲಾಗದ್ದನ್ನು ಸಾಕ್ಷ್ಯಚಿತ್ರ ಹೇಗೆ ಕೊಡುತ್ತದೆ ಎಂಬುದಕ್ಕೆ ಕೆಲವು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ವ್ಯಕ್ತಿಯ ಸಾನ್ನಿಧ್ಯ. ದ.ರಾ. ಬೇಂದ್ರೆಯವರನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. 1970ರ ದಶಕದ ಆರಂಭದಲ್ಲಿ ಗಿರೀಶ ಕಾರ್ನಾಡರು ಬೇಂದ್ರೆಯವರನ್ನು ಕುರಿತು ಸಾಕ್ಷ್ಯಚಿತ್ರ ಮಾಡಿದರು. ಒಬ್ಬ ಕವಿಯ ದನಿಯ ಏರಿಳಿತ, ಮಾತಿನ ನಡುವೆ ನಿಲ್ಲುವ ರೀತಿ, ಕೈ ಆಡಿಸುವ ರೀತಿ ಇವೆಲ್ಲ ಅವನ ಕಾವ್ಯಕ್ಕೆ ಸಂಬಂಧಿಸಿದವೇ. ಅಚ್ಚಿನ ಪುಟದಲ್ಲಿ ಅವು ಉಳಿಯುವುದಿಲ್ಲ. ಕಾರ್ನಾಡರೇ ಮುಂದೆ ‘ಕನಕ ಪುರಂದರ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ರಂಗಕರ್ಮಿ ಬಿ.ವಿ. ಕಾರಂತರನ್ನು ಕುರಿತು ಪಿ.ಎನ್. ರಾಮಚಂದ್ರ, ಯು.ಆರ್. ಅನಂತಮೂರ್ತಿಯವರನ್ನು ಕುರಿತು ಗಿರೀಶ ಕಾಸರವಳ್ಳಿ ಮಾಡಿದ ಚಿತ್ರಗಳೂ ಇದೇ ಸಾಲಿನವು. ಕನ್ನಡ ಎಂ.ಎ. ವಿದ್ಯಾರ್ಥಿಗಳು ಈ ಚಿತ್ರಗಳನ್ನು ಪಠ್ಯದ ಜೊತೆಗೇ ನೋಡಬೇಕೆಂದು ನನ್ನ ಆಗ್ರಹ.

ಎರಡನೆಯದು ಸಂಗೀತ. ನಮ್ಮ ಕಡೆಯ ಜನಕ್ಕೆ ಹಿಂದುಸ್ತಾನಿ ಸಂಗೀತ ಪರಕೀಯವಲ್ಲ. ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಪರಂಪರೆ ಸಂಗೀತವನ್ನು ಆರಾಧನೆಯ ಭಾಗವಾಗಿಯೇ ಉಳಿಸಿಕೊಂಡು ಬಂದಿದೆ. ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನು ನೆನಪಿಸುವ ‘ರಸಯಾತ್ರಾ’ ಎಂಬ ಚಿತ್ರವನ್ನು ನಂದನ್ ಕುಡ್ಯಾಡಿ ಮಾಡಿದರು. 1994ರ ಸಾಲಿನ ರಾಷ್ಟ್ರಪ್ರಶಸ್ತಿ ಅದಕ್ಕೆ ದೊರೆಯಿತು. ಗದಗ ಸೀಮೆಯ ಭೀಮಸೇನ ಜೋಶಿಯವರನ್ನು ಕುರಿತು ಗುಲ್ಜಾರ್ 1992ರಲ್ಲಿ ಚಿತ್ರ ಮಾಡಿದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರ ಗಾಯನವನ್ನೂ ಮಾಳವದ ಹಳ್ಳಿಗಳ ಕಬೀರ ಪದಗಳನ್ನೂ ಜೋಡಿಸಿ ಶಬನಂ ವಿರ್ಮಾನಿ ‘ಕೋಯಿ ಸುನತಾ ಹೈ’ ಮಾಡಿದರು. ಬೆಂಗಳೂರಿನಲ್ಲಿ ನೆಲೆಗೊಂಡ ಕಬೀರ್ ಯೋಜನೆಯ ನಾಲ್ಕು ಚಿತ್ರಗಳಲ್ಲಿ ಇದೂ ಒಂದು. ತತ್ವಪದಗಳನ್ನು ಕೇಳುತ್ತ ಬೆಳೆದ ನಮ್ಮ ಹಳ್ಳಿಯವರು ಈ ಚಿತ್ರವನ್ನು ನೋಡಿದರೆ ಭಾಷೆ ಹಿಂದಿಯಾದರೂ ಅನುಭವ ತಮ್ಮದೇ ಎಂದು ಗುರುತು ಹಿಡಿಯುತ್ತಾರೆ. ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವವರ ಮುಖಗಳು ಮಾಳವದಲ್ಲೂ ಒಂದೇ, ಚಿಟಗುಪ್ಪಾದಲ್ಲೂ ಒಂದೇ.

ಮೂರನೆಯದು ಕೈಯ ಕೆಲಸ. ಇದು ಸಾಕ್ಷ್ಯಚಿತ್ರದ ಅತಿ ದೊಡ್ಡ ಶಕ್ತಿ ಎಂದು ನನ್ನ ಅಭಿಪ್ರಾಯ. ಸತ್ಯಜಿತ್ ರಾಯ್ 1972ರಲ್ಲಿ ‘ದಿ ಇನ್ನರ್ ಐ’ ಎಂಬ ಸುಮಾರು ಇಪ್ಪತ್ತು ನಿಮಿಷದ ಚಿತ್ರ ಮಾಡಿದರು. ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಪೂರ್ತಿ ದೃಷ್ಟಿ ಕಳೆದುಕೊಂಡರೂ ಕಲಾಕೃತಿ ರಚಿಸುವುದನ್ನು ಬಿಡಲಿಲ್ಲ. ಅವರ ಬೆರಳುಗಳು ಕಾಗದದ ಅಂಚನ್ನು ತಡವಿ ಅಳೆಯುವುದನ್ನು ಹತ್ತು ಪುಟ ಬರೆದರೂ ಓದುಗನಿಗೆ ಅಷ್ಟು ಸ್ಪಷ್ಟವಾಗಿ ಕಾಣಿಸಲಾಗದು.

ಇದನ್ನೇ ನಮ್ಮ ಬೀದರಿ ಕಲೆಗೆ ಅನ್ವಯಿಸಿ ನೋಡಿ. ಬೀದರಿ ಪಾತ್ರೆಯ ಲೋಹ ಬಹುಪಾಲು ಸತುವು, ಜೊತೆಗೆ ಸ್ವಲ್ಪ ತಾಮ್ರ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿ, ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆ ಕಪ್ಪು ಮೈಮೇಲೆ ಮೊಳೆಯಿಂದ ಬಳ್ಳಿ, ಹೂವು ಬರೆಯುತ್ತಾರೆ. ಉಳಿಯಿಂದ ಸೂಕ್ಷ್ಮ ಕಾಲುವೆ ಕೆತ್ತಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಪಾತ್ರೆ ಬಿಳಿಯಾಗಿಬಿಡುತ್ತದೆ. ಬೆಳ್ಳಿಯೂ ಲೋಹವೂ ಬೇರೆ ಬೇರೆ ಕಾಣುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಲ್ಲಿ ಕಲಸಿ ಬಿಸಿ ಮಾಡಿ ಪಾತ್ರೆಯನ್ನು ಅದರಲ್ಲಿ ಅದ್ದಿದಾಗ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕೊನೆಯ ಹಂತವನ್ನು ತೆರೆಯ ಮೇಲೆ ನೋಡಿದವರಿಗೆ ಬೀದರಿ ಎಂದರೇನೆಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಕಾದ್ರಿ ಅವರ ಮೂಲಕ ಪದ್ಮಶ್ರೀಯ ಗೌರವ ಕಂಡ ಈ ಕಲೆಯ ಬಗ್ಗೆ ಅಂತರ್ಜಾಲದಲ್ಲಿ ಹಲವು ಚಿತ್ರಗಳಿವೆ.

ಆದರೆ ಇಲ್ಲೇ ಸಾಕ್ಷ್ಯಚಿತ್ರದ ಮಿತಿಯೂ ಕಾಣುತ್ತದೆ. ಬೀದರಿ ಕುಶಲಕರ್ಮಿಗಳು ಕೋಟೆ ಮಣ್ಣಿನ ಗುಣವನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಪರೀಕ್ಷಿಸುತ್ತಾರೆ. ಮಣ್ಣು ನಾಲಿಗೆ ಮುಟ್ಟುವುದನ್ನು ಕ್ಯಾಮೆರಾ ತೋರಿಸಬಲ್ಲದು. ಆ ರುಚಿಯನ್ನು ತೋರಿಸಲಾರದು. ಪೀಳಿಗೆಗಳಿಂದ ಬಂದ ಆ ಅರಿವು ಗುರುವಿನ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ದಕ್ಕುತ್ತದೆ. ಚಿತ್ರ ನಮ್ಮನ್ನು ಕಾರ್ಖಾನೆಯ ಬಾಗಿಲಿನವರೆಗೆ ಕರೆತರುತ್ತದೆ. ಒಳಗೆ ಹೋಗುವುದು ನಮಗೆ ಬಿಟ್ಟದ್ದು.

ನಾಲ್ಕನೆಯದು, ಹೋಗಲಾಗದ ಜಾಗಗಳ ದರ್ಶನ. ಫ್ರಾನ್ಸಿನಲ್ಲಿ 1994ರಲ್ಲಿ ಪತ್ತೆಯಾದ ಶೋವೆ ಗುಹೆಯಲ್ಲಿ ಮೂವತ್ತು ಸಾವಿರ ವರ್ಷಕ್ಕೂ ಹಳೆಯ ವರ್ಣಚಿತ್ರಗಳಿವೆ. ಜನರ ಉಸಿರಿನ ತೇವದಿಂದ ಅವು ಕೆಡಬಾರದೆಂದು ಸಾರ್ವಜನಿಕರನ್ನು ಒಳಗೆ ಬಿಡುವುದಿಲ್ಲ. ವರ್ನರ್ ಹರ್ಜೋಗ್ 2010ರಲ್ಲಿ ಮಾಡಿದ ಚಿತ್ರವೇ ಬಹಳ ಜನಕ್ಕೆ ಆ ಗುಹೆಯ ಬಾಗಿಲು. ನಮ್ಮ ಬೀದರಿನ ನೌಬಾದಿನಲ್ಲಿ ನೆಲದಡಿ ಬಹಮನಿ ಕಾಲದ ಕರೇಜ್ ಇದೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಪರ್ಷಿಯಾದ ತಂತ್ರಜ್ಞಾನದಿಂದ, ಕೆಂಪು ಜಂಬಿಟ್ಟಿಗೆಯ ನೆಲವನ್ನು ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಂಡಿಗಳನ್ನು ತೋಡಿ ನೀರು ಹರಿಸಿದ ವ್ಯವಸ್ಥೆ ಅದು. ವಯಸ್ಸಾದವರು, ಚಿಕ್ಕ ಮಕ್ಕಳು ಅದರೊಳಗೆ ಇಳಿಯಲಾರರು. ಅವರಿಗಾಗಿ ಒಳಗಿನ ದಾರಿಯನ್ನು ಸಾವಧಾನವಾಗಿ ತೋರಿಸುವ ಚಿತ್ರ ಒಂದು ದೊಡ್ಡ ಸೇವೆಯೇ ಸರಿ.

ಇಷ್ಟು ಹೊಗಳಿದ ಮೇಲೆ ಎಚ್ಚರದ ಮಾತು ಹೇಳಬೇಕು. ಮೂರನೆಯ ಭಾಗ ಅದೇ.

ಸಾಕ್ಷ್ಯಚಿತ್ರದಲ್ಲಿ ಕಾಣುವುದೆಲ್ಲ ಇದ್ದದ್ದು ಇದ್ದ ಹಾಗೆ ಬಂದದ್ದು ಎಂದು ತಿಳಿಯುವುದು ದೊಡ್ಡ ತಪ್ಪು. ಈ ಪ್ರಕಾರದ ಆರಂಭದ ಹೆಸರಾಂತ ಕೃತಿ, ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’, 1922ರದು. ಉತ್ತರದ ಹಿಮಪ್ರದೇಶದ ಬೇಟೆಗಾರನ ಕುಟುಂಬದ ಬದುಕನ್ನು ಅದು ತೋರಿಸುತ್ತದೆ. ಆ ಹೊತ್ತಿಗೆ ಅಲ್ಲಿಯ ಜನ ಬಂದೂಕು ಬಳಸುತ್ತಿದ್ದರೂ ನಿರ್ದೇಶಕರು ಹಳೆಯ ಈಟಿಯಿಂದಲೇ ಬೇಟೆಯಾಡಿಸಿದರು. ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಹಿಮದ ಮನೆಯ ಒಂದು ಪಕ್ಕವನ್ನು ತೆರೆದಿಟ್ಟು ಕಟ್ಟಿಸಿದರು. ಚಿತ್ರ ಸುಂದರವಾಗಿದೆ, ಮನುಷ್ಯರ ಬಗ್ಗೆ ಅದಕ್ಕೆ ಪ್ರೀತಿಯೂ ಇದೆ. ಆದರೂ ಅದರಲ್ಲಿ ಕಾಣುವುದು ನಿರ್ದೇಶಕ ನೋಡಬಯಸಿದ ಬದುಕು. ನೂರು ವರ್ಷದ ಹಿಂದಿನ ಆ ಪಾಠ ಇಂದಿನ ಪ್ರತಿಯೊಂದು ವಿಡಿಯೊಗೂ ಸಲ್ಲುತ್ತದೆ.

ಇನ್ನೊಂದು ಪಾಠವನ್ನು ಜಾನ್ ಬರ್ಜರ್ 1972ರಲ್ಲಿ ಬಿಬಿಸಿಗಾಗಿ ಮಾಡಿದ ‘ವೇಸ್ ಆಫ್ ಸೀಯಿಂಗ್’ ಎಂಬ ನಾಲ್ಕು ಕಂತುಗಳ ಸರಣಿಯಿಂದ ಕಲಿಯಬಹುದು. ವ್ಯಾನ್ ಗೋ ಬರೆದ ಗೋಧಿ ಹೊಲದ ಚಿತ್ರವನ್ನು ಅವರು ಮೊದಲು ಸುಮ್ಮನೆ ತೋರಿಸುತ್ತಾರೆ. ಕಲಾವಿದ ಸಾಯುವ ಮೊದಲು ಬರೆದ ಕೊನೆಯ ಚಿತ್ರ ಎಂಬ ಮಾತಿನೊಂದಿಗೆ ಮತ್ತೆ ತೋರಿಸುತ್ತಾರೆ. ಚಿತ್ರ ಅದೇ, ನೋಡುವ ಮನಸ್ಸು ಬೇರೆ. ಹಿನ್ನೆಲೆ ಸಂಗೀತ ಬದಲಾದರೂ ಹಾಗೆಯೇ. ಇದಕ್ಕೆ ವಿರುದ್ಧ ತುದಿಯಲ್ಲಿ ಎಂ.ಎಫ್. ಹುಸೇನರ ‘ಥ್ರೂ ದಿ ಐಸ್ ಆಫ್ ಎ ಪೇಂಟರ್’ ಇದೆ. 1967ರಲ್ಲಿ ರಾಜಸ್ಥಾನದಲ್ಲಿ ತೆಗೆದು ಬರ್ಲಿನ್ ಉತ್ಸವದಲ್ಲಿ ಕಿರುಚಿತ್ರಗಳ ಚಿನ್ನದ ಕರಡಿ ಪ್ರಶಸ್ತಿ ಪಡೆದ ಆ ಚಿತ್ರದ ದೃಶ್ಯಗಳ ಜೊತೆ ವಿವರಣೆಯ ಮಾತಿಲ್ಲ. ಅರ್ಥ ಮಾಡಿಕೊಳ್ಳುವ ಹೊಣೆ ನೋಡುಗನದು.

ನಮ್ಮ ಸ್ಮಾರಕಗಳ ಕುರಿತ ವಿಡಿಯೊಗಳನ್ನು ಈ ಬೆಳಕಿನಲ್ಲಿ ನೋಡಿ. ಡ್ರೋನ್ ಕೋಟೆಯ ಮೇಲೆ ಹಾರುತ್ತದೆ, ತಾಳ ಏರುತ್ತದೆ, ‘ರಹಸ್ಯ’, ‘ನಿಧಿ’, ‘ಶಾಪ’ ಎಂಬ ಮಾತುಗಳು ಬರುತ್ತವೆ. ಬೀದರಿನ ಮಹಮೂದ್ ಗವಾನನ ಮದರಸಾ 1472ರಲ್ಲಿ ಕಟ್ಟಿದ್ದು. ಪರ್ಷಿಯಾದ ಗೀಲಾನಿನಿಂದ ಬಂದ ಮಂತ್ರಿಯೊಬ್ಬ ಬಣ್ಣದ ಹೆಂಚುಗಳಿಂದ ಅಲಂಕರಿಸಿದ ಮೂರಂತಸ್ತಿನ ವಿದ್ಯಾಲಯ, ಅದರಲ್ಲಿ ದೊಡ್ಡ ಗ್ರಂಥಭಂಡಾರ. 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಗವಾನನ ಶಿರಚ್ಛೇದವಾಯಿತು. 17ನೆಯ ಶತಮಾನದ ಕೊನೆಗೆ, ಮೊಘಲರ ಕಾಲದಲ್ಲಿ, ಒಳಗಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾಳಾಯಿತು. ಇಷ್ಟು ರೋಚಕವಾದ ನಿಜಕಥೆ ಇರುವಾಗ ಇಲ್ಲದ ಶಾಪವನ್ನು ಕಟ್ಟಿ ಹೇಳುವ ಅಗತ್ಯವೇನು? ಹಾಗೆ ಕಟ್ಟಿದ ಕಥೆ ಮೊದಲು ಹಾಳುಮಾಡುವುದು ನೋಡುವವರ ಕುತೂಹಲವನ್ನೇ. ಶಾಪ ಎಂದ ಮೇಲೆ ಕಾರಣ ಹುಡುಕುವ ಕೆಲಸ ಉಳಿಯುವುದಿಲ್ಲ.

ಭಾಷೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ನಮ್ಮ ನೆಲದ ಬಗ್ಗೆ ಇರುವ ಒಳ್ಳೆಯ ಸಾಕ್ಷ್ಯಚಿತ್ರಗಳ ನಿರೂಪಣೆ ಬಹುತೇಕ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಅವಳ ಊರಿನ ಗುಡಿಯ ಕಥೆ ಅರ್ಥವಾಗುವುದಿಲ್ಲ. ‘ವೈಲ್ಡ್ ಕರ್ನಾಟಕ’ ಎಂಬ ವನ್ಯಜೀವಿ ಚಿತ್ರಕ್ಕೆ ಡೇವಿಡ್ ಅಟೆನ್‌ಬರೋ ಅವರ ಇಂಗ್ಲಿಷ್ ನಿರೂಪಣೆಯ ಜೊತೆಗೆ ರಿಷಬ್ ಶೆಟ್ಟಿಯವರ ಕನ್ನಡ ನಿರೂಪಣೆಯೂ ಬಂತು. ವನ್ಯಜೀವಿಗಳಿಗೆ ಸಂದ ಈ ಉಪಚಾರ ನಮ್ಮ ಶಿಲ್ಪಕ್ಕೂ ಸಂಗೀತಕ್ಕೂ ಸಲ್ಲಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಬೀದರ್ ಜಿಲ್ಲೆಯ ಚರಿತ್ರೆ ಕನ್ನಡದ ಶಾಸನಗಳಲ್ಲಿ, ಸಂಸ್ಕೃತದ ಗ್ರಂಥಗಳಲ್ಲಿ, ಪಾರಸಿಯ ವೃತ್ತಾಂತಗಳಲ್ಲಿ, ಉರ್ದು ದಫ್ತರಗಳಲ್ಲಿ, ಮರಾಠಿ ಕಾಗದಪತ್ರಗಳಲ್ಲಿ ಹಂಚಿಹೋಗಿದೆ. ಇವುಗಳಲ್ಲಿ ಒಂದನ್ನೇ ಬಲ್ಲವರು ಮಾಡಿದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಉಳಿದವುಗಳ ಕಡೆ ಮೌನವಾಗಿರುತ್ತದೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿಯ ಗುಮ್ಮಟವಿದೆ. ಮುಸ್ಲಿಮರು ಅವನನ್ನು ವಲಿ ಎಂದರೆ ಹಿಂದೂಗಳು ಅಲ್ಲಮಪ್ರಭು ಎಂದು ಕರೆದು ನಡೆದುಕೊಳ್ಳುತ್ತಾರೆ. ಉರುಸಿಗೆ ಜಂಗಮರು ಬರುತ್ತಾರೆ. ಒಂದೇ ಭಾಷೆಯ, ಒಂದೇ ಮತದ ಕಣ್ಣಿಗೆ ಆ ಗುಮ್ಮಟ ಅರ್ಧವೇ ಕಾಣುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೇ, ಯಾವ ಸಾಕ್ಷ್ಯಚಿತ್ರ ನೋಡಿದರೂ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದನ್ನು ಮಾಡಿದವರು ಯಾರು, ಯಾವಾಗ, ಯಾರ ಹಣದಿಂದ? ಮಾತಾಡುವವರು ಯಾರು, ಚಿತ್ರದಲ್ಲಿ ಕಂಡರೂ ಮಾತಾಡದೆ ಉಳಿದವರು ಯಾರು? ಹೇಳಿದ ಇಸವಿಗೆ, ಹೆಸರಿಗೆ ಆಧಾರ ಕೊಟ್ಟಿದ್ದಾರೆಯೇ? ಅನುಮಾನ ಬಂದರೆ ಪುಸ್ತಕಕ್ಕೆ ಹೋಗಿ. ಬೀದರಿನ ಸ್ಮಾರಕಗಳ ಬಗ್ಗೆ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯನ್ನು ಮುನ್ನಡೆಸಿದ ಗುಲಾಂ ಯಜ್ದಾನಿಯವರ ಗ್ರಂಥ 1947ರಲ್ಲೇ ಪ್ರಕಟವಾಗಿದೆ. ಮುಕ್ಕಾಲು ಶತಮಾನ ಕಳೆದರೂ ಅದರ ನಕ್ಷೆ, ಅಳತೆ, ಶಾಸನಪಾಠಗಳ ಮುಂದಿಟ್ಟು ಪರೀಕ್ಷಿಸಿದರೆ ಯಾವ ವಿಡಿಯೊ ಗಟ್ಟಿ, ಯಾವುದು ಪೊಳ್ಳು ಎಂದು ಬೇಗ ತಿಳಿಯುತ್ತದೆ.

ಈಗ ನಾಲ್ಕನೆಯ ಹಾಗೂ ಕೊನೆಯ ಭಾಗಕ್ಕೆ ಬರುತ್ತೇನೆ. ಇದು ನಮ್ಮ ಊರಿಗೆ ಸಂಬಂಧಿಸಿದ್ದು.

ಕಲೆಯನ್ನೂ ಬದುಕನ್ನೂ ದಾಖಲಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣವನ್ನು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜನೀತಿಯ ಜೊತೆಗೆ ಚಿತ್ರ ಬರೆಯುವುದಕ್ಕೆ ಗೋಡೆ ಸಿದ್ಧಗೊಳಿಸುವ ಬಗೆ, ನೃತ್ಯ, ವಾದ್ಯ, ಅಡಿಗೆ, ಆಟಗಳೆಲ್ಲ ಅದರಲ್ಲಿವೆ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಅಕ್ಷರದಿಂದ ಮಾಡಿದ ಸಾಂಸ್ಕೃತಿಕ ದಾಖಲೆ ಅದು.

ಅವನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದ ಗುಡಿಯೊಂದು ಹುಮನಾಬಾದ್ ಹತ್ತಿರದ ಜಲಸಂಗಿಯಲ್ಲಿದೆ. ಅದರ ಹೊರಗೋಡೆಯ ಮೇಲೆ ಒಬ್ಬ ಸುಂದರಿ ನಿಂತು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶಾಸನವನ್ನು ಬರೆಯುತ್ತಿದ್ದಾಳೆ. ಬರೆಯುವ ಹೆಣ್ಣನ್ನು, ಬರೆದ ಸಾಲಿನ ಸಮೇತ, ಕಲ್ಲಿನಲ್ಲಿ ಕಡೆದ ಆ ಶಿಲ್ಪಿಯ ಕಲ್ಪನೆಗೆ ಸಮನಾದದ್ದು ಅಪರೂಪ. ಇಲ್ಲಿರುವ ವಿದ್ಯಾರ್ಥಿನಿಯರು ಆ ಶಾಸನಸುಂದರಿಯನ್ನು ಒಮ್ಮೆಯಾದರೂ ಎದುರು ನಿಂತು ನೋಡಬೇಕು. ಓರೆ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ಹೋಗುವ ಮೊದಲು ಶಿಲ್ಪಕಲೆಯ ಒಂದು ಒಳ್ಳೆಯ ಚಿತ್ರ ನೋಡಿ ಹೋದರೆ ಮೈಯ ತಿರುವು, ಆಭರಣ, ಕೈಯ ಹಿಡಿತ ಇವುಗಳ ಕಡೆ ಕಣ್ಣು ತಾನಾಗಿ ಹೋಗುತ್ತದೆ. ನಾರಾಯಣಪುರದ ಗುಡಿಗೂ ಬಸವಕಲ್ಯಾಣದ ಕೋಟೆಗೂ ಇದೇ ಮಾತು ಅನ್ವಯಿಸುತ್ತದೆ.

ಕಲ್ಲು ಕಾಯುತ್ತದೆ, ಮನುಷ್ಯ ಕಾಯಲಾರ. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳು, ರಾಶಿಯ ಕಾಲದ ಹಂತಿ ಪದಗಳು, ಅಮಾವಾಸ್ಯೆಯ ಭಜನೆಯ ತತ್ವಪದಗಳು, ಬೀಸುವ ಕಲ್ಲಿನ ಹಾಡುಗಳು ಕೆಲವು ಹಿರಿಯರ ಕೊರಳಲ್ಲಿ ಮಾತ್ರ ಉಳಿದಿವೆ. ರಜಾಕಾರರ ಕಾಲವನ್ನು, 1948ರ ದಿನಗಳನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಅವರ ಮಾತು ಅವರ ದನಿಯಲ್ಲೇ ಉಳಿಯದಿದ್ದರೆ ಆ ಕಾಲದ ಬಗ್ಗೆ ನಾಳೆ ಯಾರು ಏನು ಹೇಳಿದರೂ ನಂಬಬೇಕಾಗುತ್ತದೆ. ಕಳೆದುಹೋಗುವುದು ಎಷ್ಟು ಸುಲಭ ಎಂಬುದಕ್ಕೆ ಸಿನಿಮಾದ್ದೇ ಉದಾಹರಣೆ ಇದೆ: ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಉಳಿಸಿಕೊಳ್ಳುವುದು ಸಾಧ್ಯ ಎಂಬುದಕ್ಕೂ ಉದಾಹರಣೆ ಇದೆ. ಕಲ್ಯಾಣದ ಶರಣರ ವಚನಗಳು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಓಲೆಗರಿಗಳಲ್ಲಿ ಚದುರಿದ್ದವು. ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ, ಓದಿ, ಹೋಲಿಸಿ 1923ರಲ್ಲಿ ‘ವಚನ ಶಾಸ್ತ್ರಸಾರ’ ಹೊರತಂದರು. ಎಚ್.ಎಲ್. ನಾಗೇಗೌಡರು ಜನಪದ ಕಲಾವಿದರನ್ನು ಹುಡುಕಿಕೊಂಡು ಹೋಗಿ ಅವರ ಹಾಡುಗಳನ್ನು ಧ್ವನಿಮುದ್ರಿಸಿ ರಾಮನಗರದ ಜಾನಪದ ಲೋಕ ಕಟ್ಟಿದರು. ಹಳಕಟ್ಟಿಯವರ ಕಾಲಕ್ಕೆ ಇಲ್ಲದ ಸಲಕರಣೆ ಇಂದು ಪ್ರತಿ ವಿದ್ಯಾರ್ಥಿಯ ಕೈಯಲ್ಲಿದೆ. ಬೇಕಾದದ್ದು ಅವರ ಶ್ರದ್ಧೆ.

ಹೇಗೆ ಮಾಡಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮೊದಲು, ಒಟ್ಟಿಗೆ ನೋಡುವ ಪದ್ಧತಿ ಮರಳಿ ಬರಲಿ. ಮಲೆನಾಡಿನ ಹೆಗ್ಗೋಡು ಎಂಬ ಪುಟ್ಟ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1970ರ ದಶಕದಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ರೈತರಿಗೂ ಕೂಲಿಕಾರರಿಗೂ ಕನ್ನಡದಲ್ಲಿ ವಿವರಿಸಿ ತೋರಿಸಿತು. ಹೆಗ್ಗೋಡಿನಲ್ಲಿ ಸಾಧ್ಯವಾದದ್ದು ನಮ್ಮ ಈ ಮನ್ನಾಏಖೇಳ್ಳಿಯಲ್ಲೂ ಸಾಧ್ಯ. ತಿಂಗಳಿಗೊಂದು ಸಂಜೆ ಈ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇಟ್ಟು ಒಂದು ಸಾಕ್ಷ್ಯಚಿತ್ರ ತೋರಿಸಿ. ಆರಂಭದಲ್ಲಿ ಅಧ್ಯಾಪಕರೊಬ್ಬರು ಹತ್ತು ನಿಮಿಷ ಕನ್ನಡದಲ್ಲಿ ಪರಿಚಯಿಸಲಿ, ಕೊನೆಗೆ ಅರ್ಧ ಗಂಟೆ ಚರ್ಚೆಯಿರಲಿ. ಊರವರನ್ನೂ ಕರೆಯಿರಿ. ನೇಕಾರರು, ಗಾರೆ ಕೆಲಸದವರು, ಭಜನಾ ಮಂಡಳಿಯವರು ಕೇಳುವ ಪ್ರಶ್ನೆಗಳಿಂದ ವಿದ್ಯಾರ್ಥಿಗಳು ಬಹಳ ಕಲಿಯುತ್ತಾರೆ.

ನೋಡಿದ ಮೇಲೆ ಸ್ಥಳಕ್ಕೆ ಹೋಗಿ. ಆಮೇಲೆ ದಾಖಲಿಸಿ. ದಾಖಲಿಸುವಾಗ ಕೆಲವು ಶಿಸ್ತುಗಳಿವೆ. ಹಾಡುವವರ, ಹೇಳುವವರ ಒಪ್ಪಿಗೆ ಕೇಳಿ. ಅಂತರ್ಜಾಲಕ್ಕೆ ಹಾಕುವುದಾದರೆ ಅದಕ್ಕೆ ಬೇರೆಯಾಗಿ ಒಪ್ಪಿಗೆ ಪಡೆಯಿರಿ. ಅವರ ಹೆಸರು, ಊರು, ದಿನಾಂಕ, ಹಾಡನ್ನು ಯಾರಿಂದ ಕಲಿತರು ಎಂಬುದನ್ನು ಆರಂಭದಲ್ಲೇ ಹೇಳಿಸಿ. ಮೊಬೈಲನ್ನು ಅಡ್ಡವಾಗಿ, ಅಲುಗಾಡದಂತೆ ಇಡಿ. ಹಾಡನ್ನು ನಡುವೆ ಕತ್ತರಿಸಬೇಡಿ, ಮೇಲೆ ಸಿನಿಮಾ ಸಂಗೀತ ಅಂಟಿಸಬೇಡಿ. ನಮ್ಮ ಆಡುಮಾತನ್ನು ತಿದ್ದಬೇಡಿ. ಕನ್ನಡ, ದಖನಿ, ಮರಾಠಿ ಬೆರೆತ ಆ ಮಾತೇ ಈ ನೆಲದ ಚರಿತ್ರೆ. ಎರಡು ಪ್ರತಿ ಮಾಡಿ ಒಂದನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಅಂತರ್ಜಾಲದಲ್ಲಿ ಇದ್ದದ್ದು ಶಾಶ್ವತ ಎಂಬ ಭರವಸೆ ಬೇಡ. ಅಲ್ಲಿ ಇಂದು ಸಿಕ್ಕ ಚಿತ್ರ ನಾಳೆ ಕಾಣದಿರಬಹುದು.

ಮಾತು ಮುಗಿಸುವ ಮೊದಲು ಒಂದು ಬೇಡಿಕೆ ಇದೆ. ಈ ದತ್ತಿಯ ಕುಟುಂಬದವರಲ್ಲಿ, ಪ್ರಾಚಾರ್ಯರಲ್ಲಿ ವಿನಂತಿ: ಮುಂದಿನ ವರ್ಷ ಇದೇ ದಿನ ಉಪನ್ಯಾಸಕ್ಕೆ ಮೊದಲು ಈ ಕಾಲೇಜಿನ ಮಕ್ಕಳೇ ಮಾಡಿದ ಹತ್ತು ನಿಮಿಷದ ಒಂದು ಚಿತ್ರ ತೋರಿಸುವ ವ್ಯವಸ್ಥೆಯಾಗಲಿ. ಜಲಸಂಗಿಯ ಗುಡಿಯ ಬಗ್ಗೆ ಇರಲಿ, ಒಬ್ಬ ಹಂತಿ ಹಾಡುಗಾರನ ಬಗ್ಗೆ ಇರಲಿ, ವಿಷಯ ಅವರೇ ಆರಿಸಿಕೊಳ್ಳಲಿ. ನಿರೂಪಣೆ ಮಾತ್ರ ನಮ್ಮ ಬೀದರ್ ಕನ್ನಡದಲ್ಲಿರಲಿ. ಅದನ್ನು ಈ ಊರಿನವರು ಮೊದಲು ನೋಡಲಿ, ತಪ್ಪಿದ್ದರೆ ತಿದ್ದಲಿ, ಆಮೇಲೆ ಅದು ಜಗತ್ತಿಗೆ ಹೋಗಲಿ. ಇಷ್ಟು ಕಾಲ ಬೇರೆಯವರು ಮಾಡಿದ ಚಿತ್ರಗಳಲ್ಲಿ ನಮ್ಮನ್ನು ನಾವು ಹುಡುಕಿಕೊಂಡೆವು. ಇನ್ನು ಮುಂದೆ ಕಲ್ಯಾಣವನ್ನು, ಬೀದರನ್ನು ಅರಿಯಬಯಸುವವರು ನಮ್ಮ ಮಕ್ಕಳು ಮಾಡಿದ ಚಿತ್ರಗಳನ್ನು ಹುಡುಕಿಕೊಂಡು ಬರುವಂತಾಗಲಿ.